ಜಿವೈ-271 ದಿಕ್ಸೂಚಿ ಮಾಡ್ಯೂಲ್: ತೋಟದಲ್ಲಿ ಮೂರು ಮಳೆಗಾಲ ಬಳಸಿದ ಮೇಲೆ

ಸೋಮವಾರಪೇಟೆ ಬಳಿಯ ನಮ್ಮ ಕಾಫಿ ತೋಟದ ಗಡಿಯನ್ನು ಗುರುತಿಸಿಕೊಂಡು ನಡೆಯಲೆಂದು ನಾನೇ ಜೋಡಿಸಿಕೊಂಡ ಕೈಪೆಟ್ಟಿಗೆಯಲ್ಲಿ ಈ ಮಾಡ್ಯೂಲ್ ಮೂರು ಮಳೆಗಾಲ ಕಳೆದಿದೆ. ನಾನು ಕೊಂಡಾಗ ಬೆಲೆ ಇನ್ನೂರು ರೂಪಾಯಿಯೊಳಗಿತ್ತು. ಸಿಲ್ವರ್ ಓಕ್ ಮರಗಳ ನಡುವೆ ಮಂಜು ಕವಿದಾಗ ಜಿಪಿಎಸ್ ನಾವಿರುವ ಜಾಗವನ್ನು ತಿಳಿಸುತ್ತದೆಯೇ ಹೊರತು, ನಿಂತಲ್ಲೇ ನಿಂತವನು ಯಾವ ಕಡೆಗೆ ಮುಖ ಮಾಡಿದ್ದಾನೆಂದು ತಿಳಿಸುವುದಿಲ್ಲ. ಅದಕ್ಕಾಗಿ ಇದನ್ನು ಕೊಂಡೆ.

ಮೊದಲ ತಕರಾರು ಮಾರಿದವರ ಮೇಲೆ. ಎಚ್‌ಎಂಸಿ5883ಎಲ್ ಚಿಪ್ ಎಂದು ಹೇಳಿ ಕಳುಹಿಸಿದ್ದು ಕ್ಯೂಎಂಸಿ5883ಎಲ್. ಹೆಸರು ಹತ್ತಿರದ್ದಾದರೂ ಮೊದಲನೆಯದರ ಐ2ಸಿ ವಿಳಾಸ (ಎರಡು ತಂತಿಗಳ ಮೇಲೆ ಚಿಪ್ಪನ್ನು ಕರೆಯುವ ಸಂಖ್ಯೆ) 30, ಎರಡನೆಯದರದ್ದು 13, ಅಳತೆಗಳನ್ನು ಇಟ್ಟುಕೊಳ್ಳುವ ಒಳಗಿನ ಖಾನೆಗಳಾದ ರಿಜಿಸ್ಟರುಗಳೂ ಬೇರೆ. ಬೆಸುಗೆಯೇ ಸರಿಯಿಲ್ಲವೆಂದು ಎರಡು ಸಂಜೆ ಬಿಚ್ಚಿ ಕೂಡಿಸಿದ ಮೇಲೆ, ವಿಳಾಸ ಹುಡುಕುವ ಪುಟ್ಟ ಪ್ರೋಗ್ರಾಂ ಓಡಿಸಿದಾಗ ವಿಷಯ ಬಯಲಾಯಿತು. ಚಿಪ್ ಕೆಟ್ಟದ್ದೇನಲ್ಲ, ಹೇಳಿ ಮಾರಬೇಕಿತ್ತು.

ಇದರೊಳಗೆ ತಿರುಗುವ ಮುಳ್ಳಿಲ್ಲ. ಕಾಂತಕ್ಷೇತ್ರದ ದಿಕ್ಕಿಗೆ ತಕ್ಕಂತೆ ವಿದ್ಯುತ್ ರೋಧವನ್ನು ಬದಲಿಸುವ ತೆಳು ಲೋಹಪದರಗಳು ಮೂರು ಅಕ್ಷಗಳಲ್ಲಿ ಕ್ಷೇತ್ರವನ್ನು ಅಳೆಯುತ್ತವೆ. ಮಟ್ಟಸವಾಗಿ ಹಿಡಿದಾಗ ಎರಡು ಅಡ್ಡ ಅಕ್ಷಗಳ ಅಳತೆಯಿಂದ, ಉತ್ತರದಿಂದ ಎಷ್ಟು ತಿರುಗಿದ್ದೇವೆಂಬ ಕೋನ ಸಿಗುತ್ತದೆ. ಆದರೆ ಭೂಮಿಯ ಕ್ಷೇತ್ರ ನಮ್ಮಲ್ಲಿ ಸುಮಾರು 0.4 ಗಾಸ್ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ಮಾತ್ರ, ಹತ್ತಿರದ ಯಾವ ಕಬ್ಬಿಣವೂ ಅದನ್ನು ಕೆಡಿಸಬಲ್ಲದು. ಸೊಂಟದಲ್ಲಿ ಕಳೆ ಕಡಿಯುವ ಕತ್ತಿ ಸಿಕ್ಕಿಸಿಕೊಂಡು ಒಂದು ಗಡಿಕಲ್ಲಿನ ಕಡೆಗೆ ಪೆಟ್ಟಿಗೆ ಹಿಡಿದಾಗ 221 ಡಿಗ್ರಿ ತೋರಿಸಿದ್ದು, ಕತ್ತಿಯನ್ನು ಗಿಡದ ಬುಡದಲ್ಲಿಟ್ಟು ನಾಲ್ಕು ಹೆಜ್ಜೆ ದೂರ ಬಂದು ಅದೇ ಕಲ್ಲಿನ ಕಡೆಗೆ ತಿರುಗಿದಾಗ 212ಕ್ಕೆ ಇಳಿಯಿತು. ಬ್ಯಾಟರಿಯ ಉಕ್ಕಿನ ಕವಚವೂ ಇದೇ ಕೆಲಸ ಮಾಡುತ್ತದೆ. ಆದ್ದರಿಂದ ಎಲ್ಲವನ್ನೂ ಪೆಟ್ಟಿಗೆಯಲ್ಲಿ ಕೂರಿಸಿ, ಹಿತ್ತಾಳೆಯ ಸ್ಕ್ರೂ ಬಿಗಿದ ನಂತರವೇ ಅದನ್ನು ಎಲ್ಲ ದಿಕ್ಕಿಗೂ ತಿರುಗಿಸಿ, ಪ್ರತಿ ಅಕ್ಷದ ಗರಿಷ್ಠ–ಕನಿಷ್ಠಗಳ ನಡುಬಿಂದುವನ್ನು ಆ ಅಕ್ಷದ ಅಳತೆಯಿಂದ ಕಳೆಯಬೇಕು. ಮೇಜಿನ ಮೇಲೆ ಬರಿಯ ಮಾಡ್ಯೂಲನ್ನು ಹೊಂದಿಸಿದ ನನ್ನ ಮೊದಲ ಶ್ರಮ ಹೀಗೆಯೇ ವ್ಯರ್ಥವಾಯಿತು.

ಕೊಡಗಿನವರಿಗೆ ಒಂದು ಅನುಕೂಲವಿದೆ. ಕಾಂತೀಯ ಸಮಭಾಜಕ ವೃತ್ತವು (ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ಗೆರೆ) ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುವುದರಿಂದ ಇಲ್ಲಿ ಕ್ಷೇತ್ರರೇಖೆಗಳು ಬಹುಮಟ್ಟಿಗೆ ಅಡ್ಡಲಾಗಿಯೇ ಇವೆ. ಇಳಿಜಾರಿನಲ್ಲಿ ಕೈ ತುಸು ವಾಲಿದರೂ ಕೆಲವೇ ಡಿಗ್ರಿಗಳ ತಪ್ಪು ಬರುತ್ತದೆ. ಕ್ಷೇತ್ರರೇಖೆಗಳು ಕಡಿದಾಗಿ ನೆಲದೊಳಕ್ಕೆ ಇಳಿಯುವ ಯುರೋಪಿನ ಉತ್ತರ ಭಾಗದಲ್ಲಾದರೆ ಓರೆಯನ್ನು ಅಳೆಯುವ ಇನ್ನೊಂದು ಸಂವೇದಕವಿಲ್ಲದೆ ಇದನ್ನು ನಂಬಲಾಗದು.

ಎರಡನೆಯ ಮಳೆಗಾಲದಲ್ಲಿ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿ ಅಂಕಿ ಒಂದೇ ಕಡೆ ನಿಂತುಬಿಟ್ಟಿತು. ಉಜ್ಜಿ ತೆಗೆದು ಉಗುರು ಬಣ್ಣ ಬಳಿದೆ; ಮಡದಿಯ ಆಕ್ಷೇಪವನ್ನು ಬಿಟ್ಟರೆ ಆಮೇಲೆ ತೊಂದರೆಯಾಗಿಲ್ಲ. ಸರ್ವೆ ಕಲ್ಲುಗಳಿಗೆ ಹೋಲಿಸಿದಾಗ ಮೂರು ಡಿಗ್ರಿಯೊಳಗೆ ಹೊಂದುತ್ತದೆ, ಅಂದರೆ ಅಳತೆಯ ಕೆಲಸಕ್ಕೆ ಸಾಲದು, ಮಂಜಿನಲ್ಲಿ ಪಕ್ಕದವರ ತೋಟಕ್ಕೆ ನುಗ್ಗದಿರಲು ಧಾರಾಳ. ಕಳೆದ ತಿಂಗಳು ಬೇರೆ ಅಂಗಡಿಯಿಂದ ಇನ್ನೊಂದನ್ನು ತರಿಸಿದೆ. ಇದಕ್ಕೂ ಎಚ್‌ಎಂಸಿ ಎಂದೇ ಬರೆದಿದ್ದರು. ವಿಳಾಸ ಮಾತ್ರ 13.