ಸ್ಯಾಂಟೊರಿನಿಯ ರನ್‌ವೇ, ಪಾರೋಸ್‌ನ ರನ್‌ವೇ, ನಡುವೆ ಒಂದು ಹಡಗು

ಗ್ರೀಸಿನ ಸ್ಯಾಂಟೊರಿನಿ ದ್ವೀಪದ ರನ್‌ವೇ 2,125 ಮೀಟರ್. ಪಕ್ಕದ ಪಾರೋಸ್‌ನದ್ದು 1,400. ನಮ್ಮ ಶಿವಮೊಗ್ಗದ್ದು 3,200. ಎರಡು ಸಲ ಆ ಕಡೆ ಹೋಗಿಬರುವ ತನಕ ಈ ಮೂರರಲ್ಲಿ ಒಂದು ಸಂಖ್ಯೆಯೂ ನನಗೆ ಗೊತ್ತಿರಲಿಲ್ಲ. ಈಗ ಯಾರಾದರೂ "ಯಾವ ದ್ವೀಪಕ್ಕೆ ಹೋಗಲಿ?" ಅಂತ ಕೇಳಿದರೆ ಮೊದಲು ಇವನ್ನೇ ಹೇಳುತ್ತೇನೆ. ಸಮುದ್ರ ಎಲ್ಲ ಕಡೆಯೂ ನೀಲಿಯೇ, ಮನೆ ಎಲ್ಲ ಕಡೆಯೂ ಬಿಳಿಯೇ. ಬೇರೆ ಆಗುವುದು ಒಂದು ಗಂಟೆಯಲ್ಲಿ ಎಷ್ಟು ಜನ ಬಂದಿಳಿಯುತ್ತಾರೆ ಅನ್ನುವುದು.

ನಾನಿರುವುದು ಫ್ರಾಂಕ್‌ಫರ್ಟ್ ಪಕ್ಕದ ಸಣ್ಣ ಊರಿನಲ್ಲಿ. 2022ರ ಜುಲೈನಲ್ಲಿ ಗಂಡನ ಜೊತೆ ಇಲ್ಲಿಂದ ನೇರ ಸ್ಯಾಂಟೊರಿನಿಗೆ ಹಾರಿ, ಅಲ್ಲಿಂದ ಕ್ಯಾಟಮರಾನ್ ಅನ್ನುವ ಜೋಡಿ ಒಡಲಿನ ವೇಗದ ಹಡಗು ಹಿಡಿದು ಪಾರೋಸ್‌ಗೆ, ಪಾರೋಸ್‌ನಿಂದ ದೊಡ್ಡ ಹಡಗಿನಲ್ಲಿ ಅಥೆನ್ಸ್‌ನ ಬಂದರಾದ ಪಿರೇಯಸ್‌ಗೆ ಬಂದಿದ್ದೆ. 2024ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ತಿರುಗುಮುರುಗಾಗಿ ಹೋದೆ: ಅಥೆನ್ಸ್‌ನಿಂದ ಸಣ್ಣ ವಿಮಾನದಲ್ಲಿ ಪಾರೋಸ್, ಹಡಗಿನಲ್ಲಿ ಸ್ಯಾಂಟೊರಿನಿ, ಅಲ್ಲಿಂದ ನೇರ ಮನೆ. ಅಮ್ಮನಿಗೆ ಅರವತ್ತೆಂಟು, ಬಲಗಾಲಿನ ಮಂಡಿ ನೋವು. ಈ ಹೋಲಿಕೆಯಲ್ಲಿ ಆ ಮಂಡಿಗೂ ಒಂದು ಓಟಿದೆ.

ಮೊದಲು ಸ್ಯಾಂಟೊರಿನಿ. ಫ್ರಾಂಕ್‌ಫರ್ಟ್‌ನಿಂದ ಬೇಸಿಗೆಯಲ್ಲಿ ಮೂರು ಗಂಟೆ ಚಿಲ್ಲರೆ, ಎಲ್ಲೂ ಇಳಿದು ಹತ್ತುವ ರಗಳೆ ಇಲ್ಲ. ಜ್ವಾಲಾಮುಖಿಯ ಬಾಯಿಯ ಸುತ್ತ ಮುನ್ನೂರು ಮೀಟರ್ ಎತ್ತರದ ಬಂಡೆಯಂಚು ಪಶ್ಚಿಮಕ್ಕಿದೆ. ವಿಮಾನ ನಿಲ್ದಾಣ ಇರುವುದು ಪೂರ್ವದ ಸಪಾಟು ನೆಲದಲ್ಲಿ, ಮೊನೊಲಿಥೋಸ್ ಅನ್ನುವಲ್ಲಿ. ಮುಖ್ಯ ಊರು ಫಿರಾಕ್ಕೆ ಆರೇ ಕಿಲೋಮೀಟರ್. ಬಸ್ಸಿದೆ. ಮೊದಲ ಸಲ ನಾವು ಅದನ್ನು ಕಾಯದೆ ಟ್ಯಾಕ್ಸಿ ಹತ್ತಿ, ಆರು ಕಿಲೋಮೀಟರಿಗೆ ಕೊಟ್ಟ ದುಡ್ಡನ್ನು ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ.

ಈ ನಿಲ್ದಾಣದ ಕತೆ ನಾನಿರುವ ಊರಿಗೂ ತಗಲಿಕೊಂಡಿದೆ. ಗ್ರೀಸ್ ಸಾಲದಲ್ಲಿ ಮುಳುಗಿದ್ದಾಗ, 2015ರ ಡಿಸೆಂಬರ್‌ನಲ್ಲಿ, ಅಲ್ಲಿನ ಸರ್ಕಾರ 14 ಪ್ರಾದೇಶಿಕ ವಿಮಾನ ನಿಲ್ದಾಣಗಳನ್ನು 40 ವರ್ಷಕ್ಕೆ ಫ್ರಾಪೋರ್ಟ್ ಮತ್ತು ಅದರ ಗ್ರೀಕ್ ಪಾಲುದಾರ ಕೊಪೆಲೂಝೋಸ್ ಗುಂಪಿಗೆ ವಹಿಸುವ ಒಪ್ಪಂದಕ್ಕೆ ಸಹಿ ಹಾಕಿತು. ಮುಂಗಡವೇ 123.4 ಕೋಟಿ ಯೂರೋ. 2017ರ ಏಪ್ರಿಲ್‌ನಲ್ಲಿ ಕೀಲಿಕೈ ಹಸ್ತಾಂತರವಾಯಿತು. ಫ್ರಾಪೋರ್ಟ್ ಅಂದರೆ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣ ನಡೆಸುವ ಕಂಪನಿ. ಅದರ ಅರ್ಧಕ್ಕಿಂತ ಹೆಚ್ಚು ಪಾಲು ನಮ್ಮ ಹೆಸ್ಸೆನ್ ರಾಜ್ಯ ಮತ್ತು ಫ್ರಾಂಕ್‌ಫರ್ಟ್ ನಗರದ ಕೈಯಲ್ಲಿದೆ. ಒಂದು ದೇಶದ ಸರ್ಕಾರಿ ಆಸ್ತಿಯನ್ನು ಇನ್ನೊಂದು ದೇಶದ ಸರ್ಕಾರಿ ಪಾಲಿರುವ ಕಂಪನಿಗೆ ಕೊಟ್ಟು ಅದನ್ನು ಖಾಸಗೀಕರಣ ಅಂತ ಕರೆದದ್ದು ಅಲ್ಲಿನವರಲ್ಲಿ ಹಲವರಿಗೆ ಇನ್ನೂ ಅರಗಿಲ್ಲ. ನನ್ನ ತೆರಿಗೆ ಇಲ್ಲಿಗೇ ಹೋಗುವುದರಿಂದ ನಾನು ಆ ಮಾತು ಬಂದಾಗ ಸುಮ್ಮನಿರುತ್ತೇನೆ.

ಹಣವಂತೂ ಸುರಿದಿದ್ದಾರೆ. 2021ರ ಆರಂಭದ ಹೊತ್ತಿಗೆ 14 ಕಡೆಯೂ ಕೆಲಸ ಮುಗಿದಿತ್ತು. ಥೆಸಲೊನಿಕಿ, ಕಾರ್ಫು, ಕೆಫಲೋನಿಯಾ, ಕೋಸ್, ಮಿಟಿಲಿನಿ, ಈ ಐದು ಕಡೆ ಹೊಸ ಟರ್ಮಿನಲ್. ಸ್ಯಾಂಟೊರಿನಿಯಲ್ಲಿ ಇದ್ದ ಕಟ್ಟಡವನ್ನೇ ಹಿಗ್ಗಿಸಿ ಹೊಸದು ಮಾಡಿದರು. ಹವಾನಿಯಂತ್ರಣ, ನೆರಳು, ಕೂರಲು ಜಾಗ ಎಲ್ಲ ಇದೆ. ಆದರೆ ರನ್‌ವೇ ಅದೇ ಉದ್ದ, ಅದೂ ವಾಯುಸೇನೆಯ ಜೊತೆ ಹಂಚಿಕೊಂಡದ್ದು. ವಿಮಾನದ ಬಾಗಿಲಿಗೆ ಬಂದು ತಾಗುವ ಸೇತುವೆ ಇಲ್ಲ, ಮೆಟ್ಟಿಲಿಳಿದೇ ಬರಬೇಕು. ಸುಮಾರು ಹದಿನೈದು ಸಾವಿರ ಜನ ವಾಸಿಸುವ ದ್ವೀಪದ ಈ ನಿಲ್ದಾಣವನ್ನು ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಬಳಸುತ್ತಾರೆ. ಅದೂ ಹೆಚ್ಚಿನವರು ಬೇಸಿಗೆಯ ಕೆಲವೇ ತಿಂಗಳಲ್ಲಿ, ಹಗಲಿನ ಕೆಲವೇ ಹೊತ್ತಿನಲ್ಲಿ. ಕಟ್ಟಡ ಎಷ್ಟು ಹಿಗ್ಗಿದರೂ ನಾಲ್ಕು ಜೆಟ್ ಒಟ್ಟಿಗೆ ಇಳಿದರೆ ಸಂತೆಯೇ. ನಾವು ವಾಪಸ್ ಬಂದ ದಿನ ಮೂರು ಗಂಟೆ ಮೊದಲೇ ಹೋಗಿದ್ದೆವು. ಅಮ್ಮನಿಗೆ ಕುರ್ಚಿ ಸಿಕ್ಕಿತು, ನನಗೆ ಸೂಟ್‌ಕೇಸು.

ಪಾರೋಸ್ ಇದಕ್ಕೆ ತದ್ವಿರುದ್ಧ. ಆ ಪಟ್ಟಿಯ 14ರಲ್ಲಿ ಅದಿಲ್ಲ. ಗ್ರೀಸಿನ ನಾಗರಿಕ ವಿಮಾನಯಾನ ಇಲಾಖೆಯೇ ನಡೆಸುತ್ತದೆ. 2016ರ ಜುಲೈ ತನಕ ಅಲ್ಲಿದ್ದದ್ದು 710 ಮೀಟರಿನ ರನ್‌ವೇ. ಅಷ್ಟರಲ್ಲಿ ಇಳಿದು ಹಾರಬಲ್ಲದ್ದು 37 ಸೀಟಿನ ಹಳೆಯ ಡ್ಯಾಶ್-8ರಂಥ ಪ್ರೊಪೆಲ್ಲರ್ ವಿಮಾನ ಮಾತ್ರ. ಹೊಸ ನಿಲ್ದಾಣ ಬಂದ ಮೇಲೆ 1,400 ಮೀಟರ್ ಆಯಿತು, ಎಟಿಆರ್ ಅನ್ನುವ, ಅದಕ್ಕಿಂತ ದೊಡ್ಡ ಪ್ರೊಪೆಲ್ಲರ್ ವಿಮಾನಗಳು ಸಲೀಸಾಗಿ ಇಳಿಯತೊಡಗಿದವು. ಎಟಿಆರ್-42ರಲ್ಲಿ 48 ಸೀಟು. ಸ್ಯಾಂಟೊರಿನಿಯಲ್ಲಿ ಇಳಿಯುವ ಎ320 ಜೆಟ್‌ನಲ್ಲಿ 180ರ ಆಸುಪಾಸು. ಒಂದು ಜೆಟ್ ಅಂದರೆ ಸುಮಾರು ನಾಲ್ಕು ಎಟಿಆರ್. ವ್ಯತ್ಯಾಸ ಇರುವುದೆಲ್ಲ ಇಷ್ಟರಲ್ಲೇ.

ಅಥೆನ್ಸ್‌ನಲ್ಲಿ ಬಸ್ಸಿನಿಂದ ಇಳಿದು ವಿಮಾನ ನೋಡಿದ ಕೂಡಲೇ ಅಮ್ಮ ನಿಂತುಬಿಟ್ಟಳು. "ಇದೆಂತ ಮಾರಾಯ್ತಿ, ನಮ್ಮ ಶಿವಮೊಗ್ಗದ ವಿಮಾನವೇ ಅಲ್ಲವಾ?" ಹೌದು, ಅದೇ ಜಾತಿ. 2023ರಲ್ಲಿ ಶಿವಮೊಗ್ಗ ನಿಲ್ದಾಣ ಶುರುವಾದ ಮೇಲೆ ಬೆಂಗಳೂರಿಗೆ ಹೋಗಿಬರುವ ಎಟಿಆರ್‌ನಲ್ಲೇ ಅಮ್ಮ ಈ ಸಲ ಮನೆಯಿಂದ ಹೊರಟದ್ದು. ಮೂರು ಕಿಲೋಮೀಟರ್ ದಾಟಿದ ರನ್‌ವೇ ಕಟ್ಟಿ ಎಟಿಆರ್ ಇಳಿಸುವ ಊರಿನಿಂದ ಹೊರಟು, ಎಟಿಆರ್‌ಗಷ್ಟೇ ಸಾಕಾಗುವ ಊರಿಗೆ ಹೊರಟಿದ್ದೆವು. ಹಿಂದಿನ ಬಾಗಿಲಿನ ಮೆಟ್ಟಿಲು ಐದಾರೇ, ನೆಲಕ್ಕೆ ಹತ್ತಿರ. ಮಂಡಿಗೆ ಜೆಟ್ಟಿನ ಉದ್ದ ಏಣಿಗಿಂತ ಇದು ಸಾವಿರ ಪಾಲು ವಾಸಿ. ಕಿಟಕಿಯಿಂದ ದ್ವೀಪ ಕಾಣಿಸಿತು ಅನ್ನುವಷ್ಟರಲ್ಲಿ ಇಳಿದಾಗಿತ್ತು. ಹಾರಿದ್ದು ಮುಕ್ಕಾಲು ಗಂಟೆಯೂ ಇಲ್ಲ. ವಿಮಾನದಿಂದ ಕಟ್ಟಡಕ್ಕೆ ನಡೆದೇ ಹೋದೆವು. ಪೆಟ್ಟಿಗೆ ಬಂದಾಗ ಅಮ್ಮ ಇನ್ನೂ ಶಾಲು ಮಡಚುತ್ತಿದ್ದಳು. ಹತ್ತಿರದ ಅಲಿಕಿ ಅನ್ನುವ ಮೀನುಗಾರರ ಹಳ್ಳಿಯಲ್ಲೇ ಕೋಣೆ ಹಿಡಿದಿದ್ದೆ.

ಕೊರತೆಯೂ ಇದೆ. ಫ್ರಾಂಕ್‌ಫರ್ಟ್‌ನಿಂದ ಪಾರೋಸ್‌ಗೆ ನೇರ ಹೋಗುವಂತಿಲ್ಲ, ಅಥೆನ್ಸ್‌ನಲ್ಲಿ ವಿಮಾನ ಬದಲಿಸಬೇಕು, ನಡುವೆ ನಮಗೆ ನಾಲ್ಕು ಗಂಟೆ ಹೋಯಿತು. ಟಿಕೆಟ್ಟೂ ಅಗ್ಗವಲ್ಲ; ಇರುವ 48ಕ್ಕೆ ಎಲ್ಲರೂ ಕೈಚಾಚಿದರೆ ಇನ್ನೇನಾಗುತ್ತದೆ? ಕೈಚೀಲ ಇಡುವ ಗೂಡು ಚಿಕ್ಕದು, ನನ್ನ ಚೀಲವನ್ನು ಬಾಗಿಲಲ್ಲೇ ಇಸಿದುಕೊಂಡು ಕೆಳಗೆ ಹಾಕಿದರು.

ಹಡಗಿನ ವಿಷಯಕ್ಕೆ ಬಂದರೆ ಎರಡು ಬಗೆ ಇದೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ವೇಗದ ಕ್ಯಾಟಮರಾನ್ ಹತ್ತಿದ ಆ ಜುಲೈನಲ್ಲಿ ಮೆಲ್ಟೆಮಿ ಬೀಸುತ್ತಿತ್ತು. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ದಿನಗಟ್ಟಲೆ ಬೀಸುವ ಒಣಗಾಳಿ ಅದು. ಆಕಾಶ ಶುಭ್ರ, ಬಿಸಿಲು ಚೆನ್ನಾಗಿ, ಸಮುದ್ರ ಮಾತ್ರ ಹುಚ್ಚು. ಹೆಸರು ಹೇಳಬೇಕಾಗಿಲ್ಲದ ಆ ಹಡಗು ಎರಡೂವರೆ ಗಂಟೆ ತಡವಾಗಿ ಬಂತು. ಹತ್ತಿದ ಮೇಲೆ ಬಾಗಿಲು ಮುಚ್ಚಿದರು, ಹೊರಗೆ ನಿಲ್ಲಲು ಬಿಡಲಿಲ್ಲ, ಸಿಬ್ಬಂದಿ ಕಾಗದದ ಚೀಲ ಹಂಚುತ್ತಾ ಹೋದರು. ನನ್ನ ಗಂಡ ಎರಡು ಚೀಲ ಬಳಸಿದ. ಗಾಳಿ ಇನ್ನೂ ಜೋರಾದರೆ ಕರಾವಳಿ ಕಾವಲಿನವರು ಹಡಗು ಹೊರಡುವುದನ್ನೇ ನಿಷೇಧಿಸುತ್ತಾರೆ. ಮಾರನೆಯ ದಿನ ವಿಮಾನ ಹಿಡಿಯುವವರು ಹಿಂದಿನ ದಿನವೇ ಅಥೆನ್ಸ್ ಸೇರಿಕೊಳ್ಳುವುದು ಒಳ್ಳೆಯದು.

ದೊಡ್ಡ ಹಡಗು ಬೇರೆಯೇ ಲೋಕ. ಪಿರೇಯಸ್‌ನಿಂದ ಪಾರೋಸ್‌ಗೆ ನಾಲ್ಕೂವರೆ ಗಂಟೆ, ಸ್ಯಾಂಟೊರಿನಿಗೆ ಏಳೆಂಟು. 2022ರ ಅಕ್ಟೋಬರ್‌ನಿಂದ ಅಥೆನ್ಸ್ ವಿಮಾನ ನಿಲ್ದಾಣದ ಮೆಟ್ರೋ ನೇರ ಪಿರೇಯಸ್ ತನಕ ಹೋಗುತ್ತದೆ, ಹಾಗಾಗಿ ಮೊದಲಿದ್ದ ಬಸ್ಸು, ಟ್ಯಾಕ್ಸಿಯ ತಲೆನೋವೂ ಇಲ್ಲ. ಅಮ್ಮನ ಜೊತೆ ಪಾರೋಸ್‌ನ ಪರಿಕಿಯಾ ಬಂದರಿನಲ್ಲಿ ಕಾಯುತ್ತಿದ್ದಾಗ ಹಡಗು ಹಿಂದಿನಿಂದ ಬಂದು, ಬೆನ್ನಿನ ಬಾಯಿ ತೆರೆದು, ಲಾರಿ, ಕಾರು, ಜನ ಎಲ್ಲವನ್ನೂ ಒಟ್ಟಿಗೆ ನುಂಗಿತು. "ಸಿಗಂದೂರಿನ ಲಾಂಚು!" ಅಂದಳು ಅಮ್ಮ. ಶರಾವತಿ ಹಿನ್ನೀರಿನಲ್ಲಿ ಬಸ್ಸಿನ ಸಮೇತ ಲಾಂಚ್ ದಾಟಿದವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಒಳಗೆ ಎಸ್ಕಲೇಟರ್ ಇತ್ತು, ಮಂಡಿ ಬಚಾವಾಯಿತು. ಮೇಲಿನ ಡೆಕ್ಕಿನಲ್ಲಿ ಡಬ್ಬಿ ಬಿಚ್ಚಿ ಚಪಾತಿ, ಚಟ್ನಿಪುಡಿ ತಿಂದೆವು. ಮಧ್ಯೆ ನಾಕ್ಸೋಸ್‌ನಲ್ಲಿ ನಿಂತು ಸ್ಯಾಂಟೊರಿನಿಯ ಜ್ವಾಲಾಮುಖಿಯ ಬಾಯೊಳಗೆ ಹಡಗು ನುಗ್ಗಿದಾಗ, ಅಷ್ಟೆತ್ತರದ ಕಪ್ಪುಕೆಂಪು ಗೋಡೆಯ ತುದಿಯಲ್ಲಿ ಸುಣ್ಣ ಚೆಲ್ಲಿದಂತೆ ಮನೆಗಳು. ವಿಮಾನದಲ್ಲಿ ಬಂದವರು ದ್ವೀಪದ ಹಿತ್ತಿಲಿನಿಂದ ಒಳಗೆ ಬರುತ್ತಾರೆ. ಮುಂಬಾಗಿಲು ಇರುವುದು ಇಲ್ಲಿ. ಆಮೇಲೆ ಅಥಿನಿಯೋಸ್ ಬಂದರಿನಿಂದ ಮೇಲಕ್ಕೆ ಹೋಗುವ ತಿರುವು ರಸ್ತೆಯಲ್ಲಿ ಬಸ್ಸುಗಳ ಸಾಲು ನೋಡಿದರೆ ಆಗುಂಬೆ ಘಾಟಿ ಬಹಳ ಶಿಸ್ತಿನದ್ದು ಅನಿಸುತ್ತದೆ.

ಹಾಗಾದರೆ ಉದ್ದ ರನ್‌ವೇ ಕೆಟ್ಟದ್ದಾ? ಅಷ್ಟು ಸುಲಭಕ್ಕೆ ಹೇಳಲಾರೆ. 2025ರ ಫೆಬ್ರವರಿಯಲ್ಲಿ ಸ್ಯಾಂಟೊರಿನಿ ಸುತ್ತ ನಿಲ್ಲದೆ ಭೂಮಿ ನಡುಗಿದಾಗ ಕೆಲವೇ ದಿನಗಳಲ್ಲಿ 11 ಸಾವಿರಕ್ಕೂ ಹೆಚ್ಚು ಜನ ದ್ವೀಪ ಬಿಟ್ಟರು. ಹಡಗುಗಳಿದ್ದವು, ಜೊತೆಗೆ ಹೆಚ್ಚುವರಿ ವಿಮಾನಗಳೂ ಹಾರಿದವು. ಅಂಥ ಹೊತ್ತಿನಲ್ಲಿ 48 ಸೀಟಿನ ಲೆಕ್ಕ ಹಿಡಿದು ಕೂತರೆ ಆಗುತ್ತದೆಯೇ?

ಪಾರೋಸ್‌ನಲ್ಲಿ ಈಗ ಇದೇ ಚರ್ಚೆ. ರನ್‌ವೇಯನ್ನು 1,800 ಮೀಟರಿನ ಆಸುಪಾಸಿಗೆ ಬೆಳೆಸುವ, ದೊಡ್ಡ ಟರ್ಮಿನಲ್ ಕಟ್ಟುವ ಯೋಜನೆ ಇದೆ. ಅಂದರೆ ಜೆಟ್ಟುಗಳು. ಅದೇ ದ್ವೀಪದಲ್ಲಿ 2023ರ ಬೇಸಿಗೆಯಲ್ಲಿ ಊರಿನವರು, ಸಾರ್ವಜನಿಕ ಕಡಲತೀರವನ್ನೆಲ್ಲ ಬಾಡಿಗೆ ಕುರ್ಚಿಗಳು ನುಂಗಿವೆ, ನಮಗೆ ಟವೆಲ್ ಹಾಸಲೂ ಜಾಗವಿಲ್ಲ ಅಂತ ಬೀದಿಗಿಳಿದಿದ್ದರು. ಟವೆಲ್ ಚಳವಳಿ ಅಂತಲೇ ಅದು ದೇಶವೆಲ್ಲ ಹಬ್ಬಿತು. ನಾವು ಉಳಿದಿದ್ದ ಕೋಣೆಯ ಯಜಮಾನಿಗೆ ಈ ವಿಷಯದಲ್ಲಿ ಎರಡು ಮನಸ್ಸು. ಆಗಸ್ಟ್‌ನಲ್ಲಿ ಇನ್ನಷ್ಟು ಜನ ಬಂದರೆ ನೀರು ಎಲ್ಲಿಂದ ತರಲಿ ಅನ್ನುವುದು ಅವಳ ಒಂದು ಚಿಂತೆ. ಜನವರಿಯಲ್ಲಿ ಗಾಳಿಗೆ ಹಡಗು ನಿಂತ ದಿನ ಗಂಡನನ್ನು ಅಥೆನ್ಸ್‌ನ ಆಸ್ಪತ್ರೆಗೆ ಹೇಗೆ ಕರೆದೊಯ್ಯಲಿ ಅನ್ನುವುದು ಇನ್ನೊಂದು. ನನ್ನ ಅನುವಾದ ಕೇಳಿದ ಅಮ್ಮ ಶರಾವತಿ ಹಿನ್ನೀರಿನಾಚೆ ತುಮರಿಯ ತನ್ನ ಚಿಕ್ಕಮ್ಮನನ್ನು ನೆನೆದಳು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಗತಿ ಏನು ಅನ್ನುವ ಭಯದಲ್ಲೇ ಅವರ ಕಾಲವೆಲ್ಲ ಕಳೆಯಿತಂತೆ. ಅಲ್ಲಿಗೆ 2025ರ ಜುಲೈನಲ್ಲಿ ಸೇತುವೆ ಬಂತು. ಹಿಂದೆ ಲಾಂಚ್ ಚಂದ ಅಂತ ಫೋಟೋ ತೆಗೆದು ಹೋಗುತ್ತಿದ್ದವರು ನಮ್ಮಂಥವರು, ಹೊರಗಿನವರು.

ನನ್ನ ಆಯ್ಕೆ ಹೇಳಿಬಿಡುತ್ತೇನೆ. ಒಂದೇ ವಾರ ರಜೆ, ನೋಡಬೇಕಿರುವುದು ಸ್ಯಾಂಟೊರಿನಿ ಮಾತ್ರ ಅಂದರೆ ಕಣ್ಣುಮುಚ್ಚಿ ನೇರ ವಿಮಾನ. ಮೇ ಅಥವಾ ಅಕ್ಟೋಬರ್ ಮೊದಲ ವಾರ, ಶನಿವಾರ ಬಿಟ್ಟು ಬೇರೆ ದಿನ. ವಯಸ್ಸಾದವರು ಜೊತೆಗಿದ್ದರೆ ಪಾರೋಸ್‌ನ ಎಟಿಆರ್, ಅಲ್ಲಿಂದ ದೊಡ್ಡ ಹಡಗು. ಕ್ಯಾಟಮರಾನ್ ಅನ್ನು ಬೇಸಿಗೆಯ ಗಾಳಿಯಲ್ಲಿ ಯಾರಿಗೂ ಹೇಳಲಾರೆ. ನಾನೊಬ್ಬಳೇ ಹೋದರೆ ಪಿರೇಯಸ್‌ನಿಂದ ಬೆಳಗಿನ ಹಡಗು, ಡೆಕ್ ಟಿಕೆಟ್, ಒಂದು ಪುಸ್ತಕ.

ಅಮ್ಮ ಮುಂದಿನ ಸೆಪ್ಟೆಂಬರ್‌ಗೆ ಮತ್ತೆ ಬರುತ್ತಾಳೆ, ಈ ಸಲ ತಂಗಿಯನ್ನೂ ಕರೆದುಕೊಂಡು. ಇಬ್ಬರಿಗೂ ಪಾರೋಸ್ ಬೇಕಂತೆ, ಸ್ಯಾಂಟೊರಿನಿ "ಒಂದ್ಸಲ ನೋಡಿ ಆಯ್ತಲ್ಲ." ಟಿಕೆಟ್ ಜನವರಿಯಲ್ಲೇ ತೆಗೆಯಬೇಕು, ಇರುವುದು 48 ಸೀಟು.