ಚೊಗರಿನ ಜುಬ್ಬ: ಎರಡು ವರ್ಷ ಹಾಕಿಕೊಂಡ ಮೇಲೆ

ನಮ್ಮದು ಸಾಗರದ ಕಡೆ ಅಡಿಕೆ ತೋಟದ ಮನೆ. ಅಡಿಕೆ ಗೊನೆ ಕೊಯ್ಲು ಶುರುವಾದರೆ ರಾತ್ರಿ ಹೊತ್ತು ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುವವರ ಸಾಲೇ ಸಾಲು. ಬೆಳಿಗ್ಗೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಬೆಂದ ಮೇಲೆ ಉಳಿಯುವ ಕೆಂಪು ರಸವೇ ಚೊಗರು. ಸ್ಕೂಲ್ ಅಂಗಿಗೆ ಒಂದು ಹನಿ ತಾಗಿದರೆ ಮುಗೀತು. ಅಮ್ಮ ತಿಕ್ಕಿ ತಿಕ್ಕಿ ಸೋತು, ಕೊನೆಗೆ ನನ್ನ ಬೆನ್ನಿಗೊಂದು ಬಿಡುತ್ತಿದ್ದಳು.

ಅದೇ ಚೊಗರಿನ ಬಣ್ಣದ ಜುಬ್ಬವನ್ನು ಎರಡು ವರ್ಷದ ಹಿಂದೆ ಸಾವಿರ ಚಿಲ್ಲರೆ ಕೊಟ್ಟು ತಂದೆ. ನಮ್ಮ ಕಡೆಯ 'ಚರಕ' ಅನ್ನುವ ಕೈಮಗ್ಗದ ಸಂಘದವರದ್ದು. ಅಮ್ಮ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ದುಡ್ಡು ಕೊಟ್ಟು ಕಲೆ ತಂದ್ಯಾ ತಮಾ?" ಅಂದಳು.

ಬಣ್ಣ ಹೇಗಿದೆ ಅಂದರೆ, ಮಳೆಗಾಲ ಕಳೆದ ಮೇಲೆ ಬಿಸಿಲಿಗೆ ಒಣಗಿದ ಹೆಂಚಿನ ಹಾಗೆ. ಕೆಂಪೂ ಅಲ್ಲ, ಕಂದೂ ಅಲ್ಲ. ಕಣ್ಣು ಕೋರೈಸುವ ಬಣ್ಣ ಬೇಕಾದವರಿಗೆ ಇದು ಹಿಡಿಸುವುದಿಲ್ಲ. ಮೊದಲ ಎರಡು ಮೂರು ಒಗೆತದಲ್ಲಿ ಸ್ವಲ್ಪ ಬಣ್ಣ ಬಿಟ್ಟಿತು, ಆಮೇಲೆ ನಿಂತಿತು. ಅದಕ್ಕೂ ಮುಂಚೆ ಬೆಂಗಳೂರಿನ ಒಂದು ಅಂಗಡಿಯಲ್ಲಿ 'ಅಪ್ಪಟ ನೈಸರ್ಗಿಕ' ಅಂತ ಹೇಳಿ ಕೊಟ್ಟ ಹಸಿರು ಕುರ್ತಾ ಆರು ತಿಂಗಳಾದರೂ ಬಕೆಟ್ ತುಂಬ ಹಸಿರು ಕಾರುತ್ತಿತ್ತು. ನನ್ನ ಬನಿಯನ್ನುಗಳೆಲ್ಲ ಪಾಚಿ ಕಟ್ಟಿದ ಹಾಗಾದವು.

ಕೈಮಗ್ಗದ ಹತ್ತಿ ಬಟ್ಟೆ ಸುಕ್ಕಾಗುತ್ತದೆ. ಇಸ್ತ್ರಿ ಮಾಡಿ ಹಾಕಿಕೊಂಡು ಬಸ್ಸು ಹತ್ತಿದರೆ, ಇಳಿಯುವಾಗ ಮಲಗಿ ಎದ್ದು ಬಂದವನ ಹಾಗೆ ಕಾಣುತ್ತೀರಿ. ನಾನು ಇಸ್ತ್ರಿ ಮಾಡುವುದನ್ನೇ ಬಿಟ್ಟೆ. ಆದರೆ ಏಪ್ರಿಲ್ ಸೆಕೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಬೆನ್ನಿಗೆ ಅಂಟುವುದಿಲ್ಲ.

ಚರಕ ಇರುವುದು ಹೆಗ್ಗೋಡಿನ ಹತ್ತಿರ, ಭೀಮನಕೋಣೆಯಲ್ಲಿ. ಹೆಂಗಸರ ಸಹಕಾರ ಸಂಘ. 1990ರ ದಶಕದಲ್ಲಿ ಶುರುವಾಗಿದ್ದು. ಹಿಂದೆ ನಿಂತವರು 'ಸಮುದಾಯ' ನಾಟಕ ತಂಡದ ರಂಗ ನಿರ್ದೇಶಕ ಪ್ರಸನ್ನ. ಇಲ್ಲಿ ಒಂದು ವಿಷಯ ಹೊರಗಿನವರಿಗೆ ಸುಲಭಕ್ಕೆ ಹೊಳೆಯುವುದಿಲ್ಲ. ನೇಕಾರಿಕೆ ಅಂದರೆ ನಮಗೆ ಇಳಕಲ್, ಗುಳೇದಗುಡ್ಡ, ಮೊಳಕಾಲ್ಮೂರು ನೆನಪಾಗುತ್ತವೆ. ನಮ್ಮ ಕಡೆ ನೇಕಾರರ ಕೇರಿಗಳಿಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಮಗ್ಗವೂ ಇಲ್ಲ. ತೋಟ ಗದ್ದೆಯ ಕೆಲಸಕ್ಕೆ ಹೋಗುತ್ತಿದ್ದ ಮನೆಗಳ ಹೆಂಗಸರು ಲಾಳಿ ಹಿಡಿಯುವುದರಿಂದ ಕಲಿಯಬೇಕಾಯಿತು. ನೂಲಿಗೆ ಬಣ್ಣ ಹಾಕುವುದು, ನೇಯುವುದು, ಅಚ್ಚು ಒತ್ತುವುದು, ಹೊಲಿಯುವುದು ಎಲ್ಲ ಕಲಿತರು. ಕಲಿತವರು ಇನ್ನೊಬ್ಬರಿಗೆ ಕಲಿಸಿದರು. ಬಟ್ಟೆ 'ದೇಸಿ' ಅಂಗಡಿಗಳಲ್ಲಿ ಮಾರಾಟವಾಗುತ್ತದೆ.

ಮಗ್ಗ ಹೊಸದು, ಆದರೆ ಚೊಗರು ಮನೆಯದ್ದೇ. ನನಗೆ ಹೊಟ್ಟೆ ಉರಿಯುವುದು ಅಲ್ಲಿ. ಹಂಡೆಗಟ್ಟಲೆ ಚೊಗರು ನಮ್ಮ ಮನೆಯಲ್ಲೇ ಇತ್ತು. ಒಂದಷ್ಟನ್ನು ಮುಂದಿನ ಸಲದ ಅಡಿಕೆಗೆ ಬಣ್ಣ ಬರಲಿ ಅಂತ ಎತ್ತಿಡುತ್ತಿದ್ದೆವು, ಉಳಿದದ್ದು ಚರಂಡಿಗೆ. ಸುಲಿಯುವ ಹೆಂಗಸರ ಬೆರಳು ತಿಂಗಳುಗಟ್ಟಲೆ ಕಪ್ಪಗಿರುತ್ತಿತ್ತು. ಇಷ್ಟು ಗಟ್ಟಿ ಬಣ್ಣ ಕಣ್ಣೆದುರಿಗೇ ಇದ್ದರೂ, ಬಟ್ಟೆಗೆ ಹಾಕೋಣ ಅಂತ ನಮ್ಮಲ್ಲಿ ಯಾರಿಗೂ ಅನಿಸಲಿಲ್ಲ ಅಲ್ವಾ?

ಬೆಲೆ ಜಾಸ್ತಿ ಅನ್ನುವವರಿದ್ದಾರೆ. ಮಿಲ್ ಬಟ್ಟೆಯ ಪಕ್ಕ ಇಟ್ಟರೆ ಜಾಸ್ತಿಯೇ. ಒಂದು ಜುಬ್ಬಕ್ಕೆ ಎಷ್ಟು ಜನರ ಕೈ ತಾಗಿರುತ್ತದೆ ಅಂತ ಲೆಕ್ಕ ಹಾಕಿದರೆ ನನಗೆ ಹಾಗನಿಸುವುದಿಲ್ಲ. ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡ ಅಂತ ಪ್ರಸನ್ನ 2017ರಲ್ಲಿ ಉಪವಾಸ ಕೂತಿದ್ದು ಇದೇ ಕಾರಣಕ್ಕೆ. ಮಿಲ್ಲಿನ ಎದುರು ಕೈಮಗ್ಗ ಬೆಲೆಯಲ್ಲಿ ಗೆಲ್ಲುವುದಿಲ್ಲ.

ಒಗೆಯುವುದಕ್ಕೆ ತಣ್ಣೀರು, ಮೆದು ಸೋಪು, ನೆರಳು ಸಾಕು. ಇಷ್ಟನ್ನು ಪಾಲಿಸಿಯೂ ನಾನು ಒಂದು ಎಡವಟ್ಟು ಮಾಡಿಕೊಂಡೆ. ತಪ್ಪು ಪೂರ್ತಿ ನನ್ನದು. ಬಾಡಿಗೆ ಮನೆಯ ತಾರಸಿಯಲ್ಲಿ ತುಕ್ಕು ಹಿಡಿದ ತಂತಿಯ ಮೇಲೆ ಒದ್ದೆ ಜುಬ್ಬ ಹಾಕಿಬಿಟ್ಟೆ. ಸಂಜೆ ತೆಗೆದರೆ ಭುಜದಿಂದ ಭುಜಕ್ಕೆ ಕಪ್ಪು ಗೆರೆ. ಚೊಗರಿನಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶಕ್ಕೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಬಣ್ಣಗಾರರು ಬೆಲ್ಲದ ನೀರಲ್ಲಿ ತುಕ್ಕು ಕಬ್ಬಿಣ ಕೊಳೆಹಾಕಿ ಬೇಕಂತಲೇ ಮಾಡಿಕೊಳ್ಳುವ ಕಪ್ಪು ಇದೇ ಜಾತಿಯದು. ನನಗೆ ಪುಕ್ಕಟೆ ಸಿಕ್ಕಿತು.

ಫೋನಿನಲ್ಲಿ ಹೇಳಿದ್ದಕ್ಕೆ ಅಮ್ಮ ಮೊದಲು ನಕ್ಕಳು. ಆಮೇಲೆ, "ಎಸೀಬೇಡ. ಕೊಯ್ಲಿಗೆ ಬರುವಾಗ ತಗೊಂಡು ಬಾ, ಹಂಡೆಗೇ ಅದ್ದಿ ನೋಡೋಣ" ಅಂದಳು. ದೀಪಾವಳಿ ಕಳೆದ ಮೇಲೆ ಹೋಗುವವನಿದ್ದೇನೆ. ಜುಬ್ಬ ಈಗಲೇ ಬ್ಯಾಗಿನಲ್ಲಿದೆ.