ಕಾರ್ಖಾನೆಗೆ ಮುಖ್ಯಸ್ಥರನ್ನು ಹುಡುಕಿಕೊಟ್ಟ ಟಿಳಕವಾಡಿಯ ನೇಮಕಾತಿ ಸಂಸ್ಥೆ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಎರಕದ ಕಾರ್ಖಾನೆ. ಪಂಪ್ ಮತ್ತು ವಾಲ್ವ್‌ಗಳ ಬಿಡಿಭಾಗ ಮಾಡುತ್ತೇವೆ. ಮಚ್ಛೆಯಲ್ಲಿ ಎರಡನೆಯ ಘಟಕ ಶುರುವಾದ ಮೇಲೆ ಅಪ್ಪಾಜಿ ಒಬ್ಬರೇ ಎರಡೂ ಕಡೆ ನಿಭಾಯಿಸುವುದು ಆಗದ ಮಾತಾಯಿತು. ಹೊರಗಿನಿಂದ ಮುಖ್ಯಸ್ಥರೊಬ್ಬರನ್ನು ತರಲು ಟಿಳಕವಾಡಿಯ ನೇಮಕಾತಿ ಸಂಸ್ಥೆಯೊಂದಕ್ಕೆ ಕೆಲಸ ಒಪ್ಪಿಸಿದೆವು. ದೂರುಗಳೂ ಇರುವುದರಿಂದ ಹೆಸರು ಬರೆಯುವುದಿಲ್ಲ.

ಮೊದಲು ಹಣದ ವಿಷಯ. ಸಾಮಾನ್ಯ ಹುದ್ದೆಗಳಿಗೆ ಇಂಥ ಸಂಸ್ಥೆಗಳು ಕೇಳುವುದು ವಾರ್ಷಿಕ ವೇತನದ ಶೇ 8.33, ಅಂದರೆ ಒಂದು ತಿಂಗಳ ಸಂಬಳ. ಹಿರಿಯ ಹುದ್ದೆಯೆಂದು ಇವರು ಅದರ ದುಪ್ಪಟ್ಟು ತೆಗೆದುಕೊಂಡರು, ಮೇಲೆ ಶೇ 18 ಜಿಎಸ್‌ಟಿ. ಕೊನೆಯ ಕಂತು ಅಭ್ಯರ್ಥಿ ಕೆಲಸಕ್ಕೆ ಸೇರಿದ ದಿನವೇ. ಅವರು 90 ದಿನದೊಳಗೆ ಬಿಟ್ಟರೆ ಬೇರೆಯವರನ್ನು ಹುಡುಕಿಕೊಡುತ್ತಾರೆ. ಆದರೆ ಎರಕದ ಕಾರ್ಖಾನೆಯ ಮುಖ್ಯಸ್ಥರ ಕೈಗುಣ 90 ದಿನದಲ್ಲಿ ಹೇಗೆ ಗೊತ್ತಾಗಬೇಕು? ಎರಕದ ಅಚ್ಚು ಮೂಡಿಸುವ ಹೊಸ ಪ್ಯಾಟರ್ನ್ ತಯಾರಾಗಿ, ಮಾದರಿ ಹೋಗಿ, ಗ್ರಾಹಕರ ಒಪ್ಪಿಗೆ ಬರುವಷ್ಟರಲ್ಲಿ ಆ ಗಡುವು ಮುಗಿದಿರುತ್ತದೆ. ಈ ಷರತ್ತು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಹಿನ್ನೆಲೆ ವಿಚಾರಣೆಯೂ ಸಾಲದು. ಅಭ್ಯರ್ಥಿ ತಾವೇ ಕೊಟ್ಟ ಹೆಸರುಗಳಿಗಷ್ಟೇ ಫೋನ್ ಮಾಡಿದ್ದರು. ಅಭ್ಯರ್ಥಿಯೇ ಸೂಚಿಸಿದವರು ಒಳ್ಳೆಯದನ್ನಲ್ಲದೆ ಬೇರೇನು ಹೇಳುತ್ತಾರೆ? ನಮಗೂ ಅಭ್ಯರ್ಥಿಯ ಹಳೆಯ ಕಂಪನಿಗೂ ಪ್ಯಾಟರ್ನ್ ಮಾಡಿಕೊಡುವ ಕೊಲ್ಹಾಪುರದ ಹಿರಿಯರನ್ನು ನಾನೇ ವಿಚಾರಿಸಿದೆ. ‘ಸಿಟ್ಟು ಬೇಗ ಬರುತ್ತದೆ ತಾಯಿ, ಆದರೆ ಲೆಕ್ಕ ಮುಚ್ಚಿಡುವವರಲ್ಲ’ ಎಂದರು. ನಮಗೆ ಬೇಕಾಗಿದ್ದುದು ಇಂಥ ಮಾತು.

ಇನ್ನು ಮೆಚ್ಚಿದ್ದನ್ನು ಮನಸ್ಸು ಬಿಚ್ಚಿ ಹೇಳಬೇಕು. ಆದೇಶಪತ್ರ ಕೊಡುವ ಮೊದಲೇ ಪುಣೆಯಿಂದ ಅಭ್ಯರ್ಥಿಯ ಪತ್ನಿಯನ್ನೂ ಮಕ್ಕಳನ್ನೂ ಕರೆಸಿ ಶಾಲೆ, ಬಾಡಿಗೆ ಮನೆ ತೋರಿಸಿದರು. ಮನೆಯವರಿಗೆ ಊರು ಒಗ್ಗದೆ ವರ್ಷದೊಳಗೆ ಗಂಟುಮೂಟೆ ಕಟ್ಟಿದವರನ್ನು ಈ ಭಾಗದಲ್ಲಿ ಸಾಕಷ್ಟು ಕಂಡಿದ್ದೇವೆ. ಮೂರು ತಿಂಗಳ ನೋಟಿಸ್ ಅವಧಿಯಲ್ಲಿ ಹಳೆಯ ಕಂಪನಿ ಸಂಬಳ ಹೆಚ್ಚಿಸುವ ಆಸೆ ತೋರಿಸಿತು. ಹಾಗಾದರೆ ಏನು ಮಾಡುತ್ತೀರಿ ಎಂದು ಸಂಸ್ಥೆಯವರು ಮೊದಲೇ ಕೇಳಿಟ್ಟಿದ್ದರು, ಅಭ್ಯರ್ಥಿ ಕದಲಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಒಂದು ಹಾಳೆ. ಸಂಸ್ಥೆಯ ಹಿರಿಯ ಸಲಹೆಗಾರ್ತಿ ಅಪ್ಪಾಜಿಯನ್ನೂ ಹೊಸ ಮುಖ್ಯಸ್ಥರನ್ನೂ ಎದುರುಬದುರು ಕೂರಿಸಿ ಮೂರು ಸಾಲು ಬರೆಸಿದರು: ಯಾವುದನ್ನು ಹೊಸಬರೇ ತೀರ್ಮಾನಿಸಬಹುದು, ಯಾವುದನ್ನು ಮಾಡಿ ಆಮೇಲೆ ತಿಳಿಸಬೇಕು, ಯಾವುದನ್ನು ಕೇಳಿಯೇ ಮಾಡಬೇಕು. ಕಚ್ಚಾವಸ್ತು ತಿರಸ್ಕರಿಸುವುದು ಮೊದಲ ಸಾಲಿಗೆ ಹೋಯಿತು. ಅಪ್ಪಾಜಿ ತುಸು ಹೊತ್ತು ಪೆನ್ನು ಹಿಡಿದು ಸುಮ್ಮನೆ ಕೂತು, ಆಮೇಲೆ ಸಹಿ ಹಾಕಿದರು.

ಕೆಲವೇ ದಿನಗಳಲ್ಲಿ ಗುಜರಿ ಲಾರಿಯೊಂದು ಬಂತು. ಹೊಸಬರು ತಾವೇ ಹತ್ತಿ ನೋಡಿದರು. ಕಬ್ಬಿಣದ ನಡುವೆ ಅಲ್ಯೂಮಿನಿಯಂ ಚೂರು. ಅದು ಕುಲುಮೆಗೆ ಬಿದ್ದರೆ ಎರಕದಲ್ಲಿ ಸೂಜಿಮೊನೆಯಂಥ ರಂಧ್ರ ಏಳುತ್ತವೆ, ಯಂತ್ರದಲ್ಲಿ ತರಿದ ಮೇಲಷ್ಟೇ ಕಣ್ಣಿಗೆ ಬೀಳುತ್ತವೆ. ಲಾರಿಯನ್ನು ಹಾಗೆಯೇ ವಾಪಸ್ ಕಳಿಸಿದರು. ಗುಜರಿಯವರು ಅಪ್ಪಾಜಿಯ ಬಹುಕಾಲದ ಗೆಳೆಯರು, ತಕ್ಷಣ ಫೋನ್ ಬಂತು. ‘ಅದನ್ನು ಸಾಹೇಬರನ್ನೇ ಕೇಳಪ್ಪ, ಈಗ ಅವರದೇ ಕಾರಭಾರ’ ಎಂದು ಅಪ್ಪಾಜಿ ಫೋನಿಟ್ಟರು. ಸುದ್ದಿ ಸಂಜೆಯೊಳಗೆ ಮೋಲ್ಡಿಂಗ್ ವಿಭಾಗದವರೆಗೂ ಮುಟ್ಟಿತು. ಅಂದಿನಿಂದ ರಜೆ, ಓವರ್‌ಟೈಮ್ ಎಂದು ಕಾರ್ಮಿಕರು ಅಪ್ಪಾಜಿಯ ಕೋಣೆಗೆ ಬರುವುದು ನಿಂತಿತು. ಎಷ್ಟು ದೊಡ್ಡ ಸಂಬಳ ಕೊಟ್ಟಿದ್ದರೂ ಈ ಅಧಿಕಾರ ಅವರಿಗೆ ಸಿಗುತ್ತಿರಲಿಲ್ಲ.

ಸೇರಿದ ಮೇಲೆ ತಿಂಗಳಿಗೊಮ್ಮೆ ಬರುತ್ತೇವೆ ಎಂದಿದ್ದ ಸಂಸ್ಥೆಯವರು ಮೊದಲೆರಡು ತಿಂಗಳು ತಪ್ಪದೆ ಬಂದರು, ಆಮೇಲೆ ಬರೀ ಫೋನ್. ಮಚ್ಛೆಗೆ ಈಗ ಗುಣಮಟ್ಟ ವಿಭಾಗದ ಮುಖ್ಯಸ್ಥರು ಬೇಕಾಗಿದ್ದಾರೆ. ಕೆಲಸ ಇವರಿಗೇ ಕೊಟ್ಟಿದ್ದೇವೆ. ಕೊನೆಯ ಕಂತು ಮಾತ್ರ ಆರು ತಿಂಗಳಾದ ಮೇಲೆ ಎಂದು ಕರಾರಿನಲ್ಲಿ ಬರೆಸಿದ್ದೇನೆ.